ಏಳು ಗಂಟೆಯ ಹಾಜರಿ

ನಿವೃತ್ತನಾಗಿ ಮೂರು ವರ್ಷವಾಯಿತು. ಆದರೂ ಬೆಳಿಗ್ಗೆ ಏಳು ಹೊಡೆದರೆ ಎದೆ ಡವಡವ ಅನ್ನುತ್ತದೆ.

ನಿಪ್ಪಾಣಿ ಕಡೆಯ ಹೆದ್ದಾರಿ ಪೊಲೀಸ್ ತಪಾಸಣಾ ನಾಕಾದಲ್ಲಿ ನಾನು ಎಎಸ್‌ಐ, ಗೆಳೆಯ ಹವಾಲ್ದಾರ. ಮನುಷ್ಯ ಬಂಗಾರ, ಗಡಿಯಾರದ ವಿಷಯದಲ್ಲಿ ಮಾತ್ರ ಶುದ್ಧ ಬೇಕೂಫ. ಎಮ್ಮೆ ಹಿಂಡಿ, ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಏಳೂವರೆ. ಏಳಕ್ಕೇ ಠಾಣೆಯವರು ವೈರ್‌ಲೆಸ್‌ನಲ್ಲಿ ಹಾಜರಿ ಕೇಳುತ್ತಿದ್ದರು. ಇಬ್ಬರೂ ಹಾಜರ್ ಅಂದುಬಿಡುತ್ತಿದ್ದೆ. ನನ್ನ ಮಗಳ ಹೆರಿಗೆ ಹೊತ್ತಿಗೆ ಅವನೂ ನನ್ನ ಪರವಾಗಿ ಹಾಗೇ ಅಂದಿದ್ದ. ನಮ್ಮ ಇಲಾಖೆಯಲ್ಲಿ ಇದನ್ನು ಸುಳ್ಳು ಅನ್ನುವುದಿಲ್ಲ, ದೋಸ್ತಿ ಅನ್ನುತ್ತೇವೆ. ಇನ್ನು ಮೇಲೆ ಎಮ್ಮೆಯನ್ನೇ ಡ್ಯೂಟಿಗೆ ಕಳಿಸೋ ಎಂದು ರೇಗಿಸುತ್ತಿದ್ದೆ.

ಆ ದಿನವೂ ಹಾಜರ್ ಅಂದೆ. ಎಂಟಾದರೂ ಅವನು ಬರಲಿಲ್ಲ, ಫೋನೂ ಎತ್ತಲಿಲ್ಲ. ಎಮ್ಮೆಗೇನೋ ಆಗಿರಬೇಕು ಅಂದುಕೊಂಡು ಲಾರಿ ತಡೆಯುತ್ತಾ ನಿಂತೆ. ಹತ್ತರ ಸುಮಾರಿಗೆ ಮೇವು ಕೊಯ್ಯಲು ಹೋದ ಹೆಂಗಸೊಬ್ಬಳು ರಸ್ತೆ ಬದಿಯ ಕಬ್ಬಿನಲ್ಲಿ ಅವನ ಬೈಕ್ ಕಂಡಳು. ಪಕ್ಕದಲ್ಲೇ ಅವನು. ಜೀವ ಹೋಗಿತ್ತು. ಏಳರ ಸುಮಾರಿಗೆ ಬಿದ್ದ ಮೇಲೂ ಒಂದೂವರೆ ಗಂಟೆ ಉಸಿರಿತ್ತು ಎಂದರು ಡಾಕ್ಟರ್.

ತನಿಖೆಯನ್ನು ಸಾಹೇಬರ ಹತ್ತಿರ ಹಟ ಹಿಡಿದು ಪಡೆದೆ. ಬೈಕಿಗೆ ಮೆತ್ತಿದ್ದ ನೀಲಿ ಬಣ್ಣದ ಜಾಡು ಹಿಡಿದು ಶಿರಗುಪ್ಪಿಯ ತನಕ ಅಲೆದು, ಗುದ್ದಿ ಓಡಿಹೋಗಿದ್ದ ಕಬ್ಬಿನ ಟ್ರ್ಯಾಕ್ಟರ್ ಪತ್ತೆ ಮಾಡಿದೆ. ಚಾಲಕ ಒಪ್ಪಿಕೊಂಡ. ಎಲ್ಲರೂ ಬೆನ್ನು ತಟ್ಟಿದರು. ನನಗೆ ನಾಚಿಕೆಯಾಯಿತು.

ಉಳಿದದ್ದು ಗೆಳೆಯನ ಹೆಂಡತಿಯ ಹೇಳಿಕೆ. ಅವಳು ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಏಳೂವರೆಗೆ ಎಷ್ಟು ಸಲ ಮಾಡಿದರೂ ಗಂಡ ಫೋನ್ ಎತ್ತಲಿಲ್ಲ. ಮನಸ್ಸು ತಡೆಯದೆ ಠಾಣೆಗೆ ಕೇಳಿದಳು. ನಾಕಾದಲ್ಲಿ ಹಾಜರಿದ್ದಾನೆ ಅಂದರು. ಹುಡುಕಲು ಹೊರಟಿದ್ದ ಮೈದುನನನ್ನು ಅವಳೇ ಬೇಡವೆಂದು ಕೂರಿಸಿದಳು.

"ಠಾಣೇಕ ಹಂಗ ಹೇಳಿದವ್ರು ಯಾರ್ರಿ, ಅಣ್ಣಾರ?"

ಪೆನ್ನು ನಿಂತಿತು. ಗೊತ್ತಿಲ್ಲ ಅಂದಿದ್ದರೆ ನಡೆಯುತ್ತಿತ್ತು. ನನ್ನನ್ನು ಕೇಳುವವರು ಯಾರೂ ಇರಲಿಲ್ಲ.

"ನಾನ ಹೇಳೀನಿ, ತಂಗೀ. ಅಂವ ಬರೂಕಿಂತ ಮೊದ್ಲ ಹೇಳೀನಿ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಅದನ್ನೂ ಬರೆಯಲು ಹೇಳಿದಳು. ಬರೆದೆ. ಬರೆದದ್ದನ್ನು ಹೇಳಿದವರಿಗೆ ಓದಿ ಕೇಳಿಸಿ, ಸರಿ ಅನ್ನಿಸಿಕೊಳ್ಳುವುದು ನಮ್ಮ ಪದ್ಧತಿ. ಓದಿದೆ. ಆ ಸಾಲು ಬಂದಾಗ ಗಡಬಡಿಸಿ ಮುಗಿಸಿದೆ. ಅವಳು ಸರಿ ಅನ್ನಲಿಲ್ಲ.

"ಅದೊಂದ ಸಾಲ ಇನ್ನೊಮ್ಮೆ ಓದ್ರಿ," ಎಂದಳು. "ಸಾವಕಾಶ ಓದ್ರಿ."