ಚೆರಿ ಮರದ ಕೆಳಗೆ ಬೀಸಣಿಗೆ ಬೀಸಿದವಳು

ದೃಷ್ಟಿ ತಾಗುತ್ತದೆ ಎನ್ನುವ ಮಾತನ್ನು ನಾನು ನಂಬಿದವಳಲ್ಲ. ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸಮಾಜ ಪಾಠ ಮಾಡುತ್ತಿದ್ದೇನೆ. ಕೈಗೆ ಕಪ್ಪು ದಾರ ಕಟ್ಟಿಕೊಂಡು ಬಂದ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ, ಒಬ್ಬರು ನೋಡಿದ ಮಾತ್ರಕ್ಕೆ ಇನ್ನೊಬ್ಬರಿಗೆ ಕೇಡಾಗುವುದಿದ್ದರೆ ಪರೀಕ್ಷೆಯಲ್ಲಿ ಮೊದಲ ರ‍್ಯಾಂಕು ಬಂದವರು ಯಾರೂ ಉಳಿಯುತ್ತಿರಲಿಲ್ಲ ಎಂದು ತಮಾಷೆ ಮಾಡಿದ್ದೇನೆ. ಬೆಳ್ತಂಗಡಿಯ ಮನೆಯಲ್ಲಿ ಅಮ್ಮ ಮೊಮ್ಮಕ್ಕಳಿಗೆ ಉಪ್ಪು ಮೆಣಸು ನಿವಾಳಿಸಿ ಥೂ ಥೂ ಎಂದು ಉಗಿಯುವಾಗ ಎದ್ದು ಆಚೆ ಹೋಗುತ್ತಿದ್ದೆ. ಈಗ ಬರೆಯುತ್ತಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಾನಾದರೂ ನಗುತ್ತಿದ್ದೆ.

ನನ್ನ ತಂಗಿ ಸವಿತಾಳನ್ನು ಮೆಲ್ಕಾರಿಗೆ ಕೊಟ್ಟದ್ದು. ಅವಳ ಗಂಡ ಪ್ರಕಾಶ ಮೊದಲು ಗಲ್ಫಿನಲ್ಲಿ ಟ್ರೈಲರ್ ಓಡಿಸುತ್ತಿದ್ದ. ಅಲ್ಲಿಂದ ಪೋಲೆಂಡಿನ ಲಾರಿ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ, ಎರಡು ವರ್ಷದ ನಂತರ ಹೆಂಡತಿಯನ್ನೂ ಕರೆಸಿಕೊಂಡ. ವಾರ್ಸಾ ಪಟ್ಟಣದಿಂದ ಒಂದೂವರೆ ಗಂಟೆ ದೂರದ ಹಳ್ಳಿ. ಸುತ್ತ ಸೇಬಿನ ತೋಟಗಳು. ಸವಿತಾ ಅಲ್ಲೇ ಸೇಬು ಪ್ಯಾಕ್ ಮಾಡುವ ಶೆಡ್ಡಿಗೆ ಸೇರಿದಳು. ಹಲೀನಾ ಎಂಬ ಎಪ್ಪತ್ತು ದಾಟಿದ ಅಜ್ಜಿಯ ಮನೆಯ ಹಿಂಬದಿ ಅವರಿಗೆ ಬಾಡಿಗೆಗೆ ಸಿಕ್ಕಿತ್ತು.

ಮುಚ್ಚಿಡದೆ ಹೇಳಿಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಯುರೋಪಿನ ನಕ್ಷೆಯನ್ನು ಬೋರ್ಡಿನಲ್ಲಿ ನೋಡದೆ ಬಿಡಿಸುವವಳು ನಾನು. ಎಸ್ಸೆಸ್ಸೆಲ್ಸಿಯಲ್ಲಿ ಸಮಾಜದಲ್ಲೇ ಫೇಲಾದವಳು ಅವಳು. ಅವಳ ಊರಿನಿಂದ ಸ್ವಲ್ಪ ದೂರದಲ್ಲಿ ಹರಿಯುವ ವಿಸ್ತುಲಾ ನದಿ ಯಾವ ಸಮುದ್ರಕ್ಕೆ ಸೇರುತ್ತದೆ ಎಂದು ಒಮ್ಮೆ ಕೇಳಿದೆ. "ಎಂತದಕ್ಕೋ ಸೇರ್ತದೆ ಅಕ್ಕ, ನೋಡ್ಲಿಕ್ಕೆ ಚಂದ ಉಂಟು" ಎಂದಳು. ಆ ದಿನ ನನಗೆ ಊಟ ಸೇರಲಿಲ್ಲ. ಬಾಲ್ಟಿಕ್ ಸಮುದ್ರ ಎಂದು ಗೊತ್ತಿದ್ದ ನಾನು ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಬೆವರೊರೆಸಿಕೊಳ್ಳುತ್ತಾ ನಿಂತಿರಬೇಕು, ಗೊತ್ತಿಲ್ಲದವಳು ಆ ನದಿಯ ದಡದಲ್ಲಿ ವಾಕಿಂಗ್ ಹೋಗಬೇಕು!

ಅವಳು ಹೋದ ಮೊದಲ ಏಪ್ರಿಲಿನಿಂದಲೇ ವಿಡಿಯೊಗಳು ಶುರುವಾದವು. ನಮಗೆ ವಸಂತವೆಂದರೆ ಪಂಚಾಂಗದಲ್ಲಿರುವ ಒಂದು ಹೆಸರು. ಅಲ್ಲಿ ಅದು ದಿನ ನೋಡಿ ಬರುತ್ತದೆ. ನಿನ್ನೆ ಬೋಳಾಗಿದ್ದ ಕೊಂಬೆ ಇವತ್ತು ಬೆಳ್ಳಗೆ. ವಿದ್ಯುತ್ ಕಂಬದ ತುದಿಯಲ್ಲಿ ಗೂಡು ಕಟ್ಟಿದ ದೊಡ್ಡ ಕೊಕ್ಕರೆ. ಅವಳ ತುಂಬು ತೋಳಿನ ಸ್ವೆಟರು. ಇದಕ್ಕೆಲ್ಲ ನಾನು ಒಂದು ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತಿದ್ದೆ. ವಿಡಿಯೊ ಕರೆ ಮಾಡಿದರೆ ನೆಟ್‌ವರ್ಕ್ ಇಲ್ಲವೆಂದು ಹೇಳಿ ನನ್ನ ಕ್ಯಾಮೆರಾ ತೆರೆಯುತ್ತಲೇ ಇರಲಿಲ್ಲ. ಆ ಹೂವಿನ ಎದುರು ಬಣ್ಣ ಹೋದ ನನ್ನ ಗೋಡೆ ತೋರಿಸಲು ಮನಸ್ಸಿರಲಿಲ್ಲ.

ಆ ತಿಂಗಳ ಕೊನೆಯ ಒಂದು ಭಾನುವಾರ. ಎಣ್ಣೆಸ್ನಾನ ಮಾಡಿ, ದೊಡ್ಡ ಹೂಗಳ ಹಳೆಯ ನೈಟಿ ಹಾಕಿ, ತಲೆ ಒರೆಸಿದ ಬೈರಾಸನ್ನು ತಲೆಗೇ ಸುತ್ತಿಕೊಂಡು ಜಗಲಿಯಲ್ಲಿ ಕುಳಿತಿದ್ದೆ. ಮಧ್ಯಾಹ್ನ ಮೂರರ ಹೊತ್ತು, ಕರೆಂಟಿರಲಿಲ್ಲ. ಒಂದು ಕೈಯಲ್ಲಿ ಅಡಿಕೆ ಹಾಳೆಯ ಬೀಸಣಿಗೆ, ಇನ್ನೊಂದರಲ್ಲಿ ಫೋನು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸವಿತಾ ಕಳಿಸಿದ್ದು ಹಲೀನಾ ಅಜ್ಜಿಯ ನೀಲಿ ಗೇಟಿನ ಪಕ್ಕದ ಚೆರಿ ಮರ. ಎಲೆಯೇ ಕಾಣದಷ್ಟು ಹೂವು. ಅರ್ಧ ನಿಮಿಷದ ಆ ವಿಡಿಯೊವನ್ನು ಒಂದು ಗಂಟೆಯಾದರೂ ನೋಡಿರಬಹುದು. ನೋಡಿದಷ್ಟೂ ಉರಿ ಹೆಚ್ಚಾಯಿತು. ಕೊನೆಗೆ ಬಾಯಿಬಿಟ್ಟೇ ಹೇಳಿದೆ: "ಎಷ್ಟು ದಿನ ಇರ್ತದೆ ಈ ಹೂವು, ನೋಡುವ."

ಮೂರು ದಿನದ ನಂತರ ಅಲ್ಲಿ ಹಿಮ ಬಿದ್ದು ಹೂವೆಲ್ಲ ಸುಟ್ಟು ಕಪ್ಪಾಯಿತು ಎಂದು ಸವಿತಾ ಮೆಸೇಜು ಮಾಡಿದಳು. ಅಯ್ಯೋ ಪಾಪ ಎಂದು ಬರೆದೆ. ಒಳಗೆ ಸ್ವಲ್ಪ ಸಮಾಧಾನವಾದದ್ದು ನಿಜ.

ಮುಂದಿನ ವರ್ಷ ಬೇಸಗೆ ರಜೆಗೆ ಗಂಡಹೆಂಡಿರು ನನಗೆ ಟಿಕೇಟು ಮಾಡಿಸಿ ಕರೆಸಿಕೊಂಡರು. ಕರೆದ ಉಪಕಾರಕ್ಕೂ ಹೊಟ್ಟೆಯುರಿಯಿತು ಎಂದರೆ ನನ್ನ ಸ್ಥಿತಿ ನಿಮಗೆ ಅರ್ಥವಾದೀತು. ವಿಮಾನ ನಿಲ್ದಾಣದಿಂದ ಪ್ರಕಾಶ ಕಾರಿನಲ್ಲಿ ಕರೆದೊಯ್ದ. ಒಂದೂವರೆ ಗಂಟೆಯಲ್ಲಿ ಬಿಸಿಲು, ಜಡಿಮಳೆ, ಹೆಸರುಕಾಳಿನಷ್ಟು ಚಿಕ್ಕ ಆಲಿಕಲ್ಲು, ಪುನಃ ಬಿಸಿಲು. ಕಣ್ಣು ಹಾಯುವವರೆಗೆ ಸಾಸಿವೆಯಂಥ ಹಳದಿ ಹೊಲ, ಅದು ಮುಗಿದಲ್ಲಿಂದ ಸೇಬಿನ ತೋಟ, ಸಾಲಿಗೆ ಸಾಲು ಬಿಳಿ. ಬಿಳಿ ಕಾಂಡದ ಮರಗಳ ನಡುವೆ ನೀರು ನಿಂತ ಹುಲ್ಲುಗಾವಲಿನಲ್ಲಿ ಕೊಕ್ಕರೆ ಕಾಲೆತ್ತಿ ಇಡುತ್ತಿತ್ತು. ಬಾಗಿಲಿನ ಗಾಜು ಇಳಿಸಿದರೆ ತಣ್ಣಗಿನ ಗಾಳಿ, ಒದ್ದೆ ಮಣ್ಣಿನ ವಾಸನೆ. ಇಷ್ಟು ಚಂದವನ್ನು ವಿಡಿಯೊದಲ್ಲಿ ಅವಳು ಅರ್ಧವೂ ತೋರಿಸಿರಲಿಲ್ಲ ಎಂದು ಮತ್ತೆ ಸಿಟ್ಟು ಬಂತು.

ನೀಲಿ ಗೇಟಿನ ಬಳಿ ಕಾರಿನಿಂದಿಳಿದೆ. ಸವಿತಾ ಓಡಿ ಬಂದು ಅಪ್ಪಿಕೊಂಡಳು. ಗೇಟಿನಲ್ಲಿ ನಿಂತಿದ್ದ ಹಲೀನಾ ಅಜ್ಜಿ ನನ್ನನ್ನು ನೋಡಿದವರೇ ಎದೆ ಮುಟ್ಟಿಕೊಂಡು ಶಿಲುಬೆ ಗುರುತು ಮಾಡಿದರು. ಸರಸರನೆ ಒಳಗೆ ಹೋಗಿ, ಒಂದು ಕೆಂಪು ಪಟ್ಟಿ ತಂದು, ಹೂಬಿಟ್ಟ ಚೆರಿಯ ಕೊಂಬೆಗೆ ಬಿಗಿಯಾಗಿ ಕಟ್ಟಿದರು. ಆಮೇಲೆ ಹತ್ತಿರ ಬಂದು ನನ್ನ ಮೊಣಕೈಯನ್ನು ಚಿವುಟಿ ನೋಡಿದರು.

"ಎಂತ ಮಾರಾಯ್ತಿ ಇದು?" ಎಂದೆ.

"ಎಂತ ಇಲ್ಲ ಅಕ್ಕ, ದೃಷ್ಟಿ ತಾಗದ ಹಾಗೆ ಕೆಂಪು ಕಟ್ಟುದು ಅವರ ಕ್ರಮ" ಎಂದಳು ಸವಿತಾ. ಮುಖ ನೋಡಿದರೆ ಬರೇ ಕ್ರಮವಲ್ಲ ಎಂದು ತಿಳಿಯುತ್ತಿತ್ತು. ಪಟ್ಟು ಹಿಡಿದೆ. ಕೊನೆಗೆ ಬಾಯಿಬಿಟ್ಟಳು. "ಹೋದ ವರ್ಷ ನೀನು ಇಲ್ಲಿಗೆ ಬಂದಿದ್ದಿಯಂತೆ."

"ಹೋದ ವರ್ಷ ನಾನು ಮೂಡುಬಿದಿರೆಯಲ್ಲೇ ಇದ್ದೆ ಅಂತ ಹೇಳು."

ಅಜ್ಜಿ ಕೇಳಲಿಲ್ಲ. ಕೈಸನ್ನೆ ಮಾಡುತ್ತಾ ಹೇಳುತ್ತಾ ಹೋದರು, ಸವಿತಾ ತಗ್ಗಿದ ದನಿಯಲ್ಲಿ ಕನ್ನಡಕ್ಕೆ ತಂದಳು. ಅವರು ಭಾನುವಾರ ಚರ್ಚಿನಿಂದ ಬರುವಾಗ ಮರದ ಕೆಳಗೆ ಒಬ್ಬ ಹೆಂಗಸು. ಪಾದದವರೆಗೆ ದೊಡ್ಡ ಹೂಗಳ ಅಂಗಿ, ತಲೆಗೆ ಸುತ್ತಿದ ಬಟ್ಟೆ, ಬರಿಗಾಲು. ಮಾತಾಡಿಸಿದರೆ ತಿರುಗಲಿಲ್ಲ, ಹೂವನ್ನೇ ದುರುಗುಟ್ಟಿ ನೋಡುತ್ತಿದ್ದಳು. ಬಾಗಿಲಿನ ಬೀಗ ತೆಗೆದು ತಿರುಗಿ ನೋಡುವಾಗ ಇರಲಿಲ್ಲ. ಮೂರು ದಿನಕ್ಕೆ ಹಿಮ ಬಿತ್ತು. ಇಷ್ಟು ಹೇಳಿ ಅಜ್ಜಿ ತಮ್ಮ ಕೈಯನ್ನು ಮುಖದ ಮುಂದೆ ಅತ್ತಿತ್ತ ಆಡಿಸಿ ಏನೋ ಕೇಳಿದರು.

ಸವಿತಾ ಹೇಳಿದಳು: "ಅಷ್ಟು ಚಳಿಯಲ್ಲಿ ನೀನು ಯಾಕೆ ಗಾಳಿ ಹಾಕಿಕೊಳ್ತಿದ್ದದ್ದು ಅಂತ ಕೇಳ್ತಿದ್ದಾರೆ."

ಜಗಲಿಯಲ್ಲಿ ಕುಳಿತ ಆ ಭಾನುವಾರ ನೆನಪಾಯಿತು. ಗೇಟು ಹಿಡಿದುಕೊಂಡು ನಿಂತೆ. ಚರ್ಚು ಬಿಡುವ ಹೊತ್ತಿಗೆ ನಮ್ಮಲ್ಲಿ ಮಧ್ಯಾಹ್ನ ಮೂರು ಗಂಟೆ, ಆ ಲೆಕ್ಕ ಸಮಾಜದ ಟೀಚರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸವಿತಾ ನನ್ನ ಹಳೆಯ ಫೋಟೊ ತೋರಿಸಿರಬಹುದೇ ಎಂದು ಯೋಚಿಸಿದೆ. ತೋರಿಸಿದ್ದರೂ ಸೀರೆಯುಟ್ಟ ಮದುವೆ ಫೋಟೊ ಇದ್ದೀತು. ಬೈರಾಸು ಸುತ್ತಿ ಬೀಸಣಿಗೆ ಹಿಡಿದದ್ದನ್ನು ಕಂಡವರು ಯಾರು?

ಅಜ್ಜಿ ನನ್ನನ್ನು ಮರದ ಬುಡಕ್ಕೆ ಕರೆದೊಯ್ದು, ತಾವು ಪಕ್ಕಕ್ಕೆ ತಿರುಗಿ ಮೂರು ಸಲ ಉಗಿದು, ನೀನೂ ಮಾಡು ಎಂದು ಸನ್ನೆ ಮಾಡಿದರು. ಥೇಟ್ ನಮ್ಮ ಅಮ್ಮ. ಅಷ್ಟು ವರ್ಷ ವಿಚಾರವಾದ ಹೇಳಿದ ನಾನು ಪೋಲೆಂಡಿನ ಮರದ ಕೆಳಗೆ ನಿಂತು ಥೂ ಥೂ ಥೂ ಎಂದೆ. ಆ ವರ್ಷ ಹೂವು ಉಳಿಯಿತು.

ಮರುದಿನ ಸಂಜೆ ಸವಿತಾ ಮತ್ತು ನಾನು ತೋಟದ ನಡುವಿನ ಹಾದಿಯಲ್ಲಿ ನಡೆಯುತ್ತಿದ್ದೆವು. ಅಲ್ಲಿ ಎಂಟು ಗಂಟೆಯವರೆಗೂ ಬೆಳಕಿರುತ್ತದೆ. ಹೇಳಿಬಿಡಬೇಕು ಎಂದು ನಿಶ್ಚಯ ಮಾಡಿದ್ದೆ. ಬಂದದ್ದು ನಾನಿರಬಹುದು, ಬಂದದ್ದು ನಿನ್ನ ಸುಖ ನೋಡಲಾರದೆ ಎಂದು. ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವಳೇ ನನ್ನ ಕೈ ಹಿಡಿದಳು.

"ಅಜ್ಜಿ ಆವತ್ತೇ ಹೇಳಿದ್ರು ಅಕ್ಕ. ತಲೆಗೆ ಬಟ್ಟೆ, ಬೀಸಣಿಗೆ ಅಂದ ಕೂಡ್ಲೆ ನೀನೇ ಅಂತ ಗೊತ್ತಾಯ್ತು. ಫೋನಲ್ಲಿ ಹೇಳಿದ್ರೆ ನಗಾಡ್ತಿ ಅಂತ ಹೇಳ್ಲಿಲ್ಲ. ಇಲ್ಲಿ ನನಗೆ ಮಾತಾಡ್ಲಿಕ್ಕೆ ಒಂದು ಜನ ಇರಲಿಲ್ಲ. ಇವರು ಲಾರಿ ಹತ್ತಿದ್ರೆ ಮೂರು ವಾರ ಬರುದಿಲ್ಲ. ನನ್ನ ನೆನಪಾಗಿ ನೀನು ಅಷ್ಟು ದೂರದಿಂದ ಬಂದದ್ದಲ್ವಾ? ಮತ್ತೆ ಒಂದು ತಿಂಗಳು ಶೆಡ್ಡಿನಿಂದ ಬಂದವಳು ದಿನಾ ಆ ಗೇಟಿನ ಹತ್ರ ನಿಲ್ತಿದ್ದೆ. ಇನ್ನೊಮ್ಮೆ ಬಂದ್ರೆ ಒಳಗೆ ಕರೆಯುವ ಅಂತ."

"ಹೌದು, ನೆನಪಾಗಿತ್ತು" ಎಂದೆ. ನನ್ನ ಜೀವಮಾನದಲ್ಲಿ ಅದಕ್ಕಿಂತ ನಾಚಿಕೆಗೇಡಿನ ಸುಳ್ಳು ಹೇಳಿದ್ದಿಲ್ಲ.

ಇದಾಗಿ ನಾಲ್ಕು ವರ್ಷ. ಅವಳು ಈಗಲೂ ಹೂವಿನ ವಿಡಿಯೊ ಕಳಿಸುತ್ತಾಳೆ. ಹೆದರಿಕೆಯಿಂದ ಒಂದೇ ಸಲ ನೋಡಿ ಫೋನು ಕವುಚಿ ಹಾಕುತ್ತಿದ್ದೆ. ಈ ಏಪ್ರಿಲಿನಲ್ಲಿ ಮಾತ್ರ ಹಾಗೆ ಮಾಡಲಿಲ್ಲ. ಹೊಟ್ಟೆಕಿಚ್ಚು ಯಾವಾಗಲೋ ಕರಗಿತ್ತು. ನಿಜವಾಗಿ ಅವಳನ್ನು ನೋಡಬೇಕೆನಿಸಿತ್ತು. ಭಾನುವಾರ ಎಣ್ಣೆಸ್ನಾನ ಮಾಡಿ, ಬೈರಾಸು ಸುತ್ತಿ, ಕರೆಂಟಿದ್ದರೂ ಫ್ಯಾನು ನಿಲ್ಲಿಸಿ, ಬೀಸಣಿಗೆ ಹಿಡಿದು ಅದೇ ಜಗಲಿಯಲ್ಲಿ ಕುಳಿತೆ. ತಂಗಿಯ ಮುಖವನ್ನೇ ನೆನೆಯುತ್ತಾ ಎರಡು ಗಂಟೆ ಆ ಹೂವಿನ ವಿಡಿಯೊ ನೋಡಿದೆ. ಸಂಜೆ ಫೋನಿನಲ್ಲಿ ಏನೂ ಗೊತ್ತಿಲ್ಲದವಳ ಹಾಗೆ, ಅಜ್ಜಿ ಇವತ್ತು ಏನಾದರೂ ಹೇಳಿದರಾ ಎಂದು ಕೇಳಿದೆ.

"ಇಲ್ಲ ಅಕ್ಕ. ಚರ್ಚಿನಿಂದ ಬಂದ ಮೇಲೆ ಗೇಟಿನಲ್ಲೇ ಕೂತಿದ್ರು. ಯಾರೂ ಬರಲಿಲ್ಲಂತೆ. ನಾನು ಪ್ರತಿ ವರ್ಷ ಕೇಳುದುಂಟು" ಎಂದಳು ಸವಿತಾ. ಮತ್ತೆ ಅವಳೇ ಮೆಲ್ಲಗೆ ಕೇಳಿದಳು. "ಯಾಕಕ್ಕ, ಈಗ ನನ್ನ ನೆನಪು ಆಗುದಿಲ್ವಾ ನಿಂಗೆ?"