ಪಕ್ಕದ ಸೈಟಿಗೆ ಕೊಟ್ಟ ಪುಳಿಯೋಗರೆ

ಸಾಂಟಾ ಕ್ಲಾರಾದಿಂದ ಅಡುಗೆಮನೆ, ಹಾಸಿಗೆ ಎಲ್ಲ ಇರೋ ಬಾಡಿಗೆ ಆರ್‌ವಿ ಗಾಡಿ ಓಡಿಸಿಕೊಂಡು ಕಡಲತೀರದ ಕ್ಯಾಂಪ್‌ಗ್ರೌಂಡಿಗೆ ಬಂದು, ನನಗೆ ಕೊಟ್ಟ ಸೈಟಿನಲ್ಲಿ ನಿಲ್ಲಿಸಿ, ಗಾಡಿಗೆ ನೀರಿನ ಪೈಪು ಸಿಕ್ಕಿಸಿ, ಪುಳಿಯೋಗರೆ ಡಬ್ಬಿ ತೆಗೆದೆ. ಆ ಹುಣಸೆ, ಇಂಗಿನ ವಾಸನೆಗೆ ಸೀದಾ ಚಿಕ್ಕಂದಿನ ರೈಲುಬೋಗಿಯಲ್ಲಿ ಕೂತ ಹಾಗಾಯ್ತು.

ಅಪ್ಪ ಹತ್ತಿದ ಕೂಡಲೇ ಟ್ರಂಕನ್ನು ಸರಪಳಿಯಿಂದ ಸೀಟಿನ ಕಾಲಿಗೆ ಬಿಗಿದು, ಎದುರು ಕೂತವರನ್ನೆಲ್ಲ ಕಳ್ಳರ ಹಾಗೆ ನೋಡೋರು. ಒಂದ್ಸಲ ಒಬ್ಬ ಅಜ್ಜಿ ನನಗೆ ಕೋಡುಬಳೆ ಕೊಟ್ಟರು. ಅಪ್ಪ ನಗುನಗುತ್ತಾ ಈಸ್ಕೊಂಡು, "ಆಮೇಲೆ ತಿಂತಾನೆ ಬಿಡಿ" ಅಂದರು. ಅಜ್ಜಿ ಇಳಿದದ್ದೇ ತಡ, "ಏನು ಬೆರೆಸಿದ್ದಾಳೋ ಯಾರಿಗೆ ಗೊತ್ತು" ಅಂತ ಅಷ್ಟನ್ನೂ ಕಿಟಕಿಯಾಚೆ ಎಸೆದರು.

ಈಗಷ್ಟೇ ಪಕ್ಕದ ಸೈಟಿನ ಹೆಂಗಸಿಗೆ ಒಂದು ತಟ್ಟೆ ಪುಳಿಯೋಗರೆ ಕೊಟ್ಟು ಬಂದೆ. ಬಾಯ್ತುಂಬ ನಕ್ಕು, ಆಮೇಲೆ ತಿಂತೀನಿ ಅಂದಳು. ಆ ನಗು ನನಗೆ ಚೆನ್ನಾಗಿ ಗೊತ್ತು. ಕುರ್ಚಿ ಆ ಕಡೆಗೇ ತಿರುಗಿಸಿಕೊಂಡು, ಅವಳ ಕಸದ ಚೀಲದ ಮೇಲೆ ಕಣ್ಣಿಟ್ಟು ಕೂತಿದ್ದೀನಿ.