ನಾನು ಬದಲಿಸಿದ ಕೊನೆಯ ಅಧ್ಯಾಯ

ಒಂಬತ್ತನೆಯ ಸಂಪುಟದ ಕೊನೆಯ ಅಧ್ಯಾಯವನ್ನು ನಾನು ಬದಲಿಸಿ ಹೇಳಿದೆ. ಅದು ಮೊದಲ ತಪ್ಪು. ಅದೇ ಅಧ್ಯಾಯವನ್ನು ಸರಿಯಾಗಿ ಓದಿದ್ದ ಒಬ್ಬನನ್ನು, ಎಲ್ಲರ ಎದುರಿನಲ್ಲಿ, ಓದಲು ಬಾರದವನೆಂದು ಮಾಡಿ ಕೂರಿಸಿದೆ — ಅದು ಎರಡನೆಯದು. ಮೊದಲನೆಯದಕ್ಕೆ ಕರುಣೆ ಎಂದು ಹೆಸರಿಟ್ಟುಕೊಂಡು ನಾಲ್ಕು ವರ್ಷ ಕಳೆದೆ. ಎರಡನೆಯದಕ್ಕೆ ಇಡಲು ಯಾವ ಹೆಸರೂ ಸಿಗಲಿಲ್ಲ. ಹಾಗಾಗಿ ಅದನ್ನು ನೆನೆಯದೆ ಇರಲು ಕಲಿತೆ.

ನಾನು ಬಂಟ್ವಾಳದ ಬಳಿಯ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವವಳು. ನೌಫಲ್‌ನದು ಬಿ.ಸಿ.ರೋಡಿನ ಬಸ್ ನಿಲ್ದಾಣದ ಎದುರು ಮೊಬೈಲ್ ರಿಪೇರಿಯ ಚಿಕ್ಕ ಅಂಗಡಿ. ಒಂದು ದಿನ ಒಡೆದ ಫೋನು ಹಿಡಿದುಕೊಂಡು ಅಲ್ಲಿಗೆ ಹೋದಾಗ ಅವನ ಮೇಜಿನ ಮೇಲೆ, ಸ್ಕ್ರೂ ಡ್ರೈವರುಗಳ ನಡುವೆ, ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದು ಬೋರಲು ಬಿದ್ದಿತ್ತು. ಕೇಳಿದೆ. ಗಲ್ಫಿನಲ್ಲಿ ಗೋದಾಮಿನ ಕೆಲಸದಲ್ಲಿದ್ದಾಗ ಕೋಣೆಯ ಜೊತೆಗಾರನೊಬ್ಬ ಬಿಟ್ಟುಹೋದ ವೈಜ್ಞಾನಿಕ ಕಾದಂಬರಿಗಳ ಸರಣಿಯಂತೆ. ಒಟ್ಟು ಒಂಬತ್ತು ಸಂಪುಟ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಮೊದಲ ಸಂಪುಟ ಮುಗಿಸಲು ಅವನಿಗೆ ಒಂದು ವರ್ಷ ಹಿಡಿದಿತ್ತು. ಮಿಕ್ಕವನ್ನು ಹಳೆ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ ಕೂಡಿಸಿದ್ದ.

"ಎರಡು ಸಲ ಓದಿ ಆಯ್ತು ಟೀಚರ್," ಎಂದ. "ಆದರೆ ಮಾತಾಡ್ಲಿಕ್ಕೆ ಒಬ್ಬರೂ ಇಲ್ಲ. ಮನೆಯಲ್ಲಿ ಹೇಳಿದ್ರೆ ತಲೆ ಕೆಟ್ಟಿದೆ ಅಂತಾರೆ."

ಆ ಮಾತಿನಿಂದ ನಮ್ಮ ಗುಂಪು ಹುಟ್ಟಿತು. ಹುಟ್ಟಿಸಿದವನು ಅವನು — ಇದನ್ನು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಆಮೇಲೆ ಎಲ್ಲರೂ ಅದನ್ನು "ಟೀಚರ ಗುಂಪು" ಎಂದೇ ಕರೆದರು, ನಾನು ಒಮ್ಮೆಯೂ ತಿದ್ದಲಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಂದ ಹನ್ನೊಂದು ಜನ ಸೇರಿದರು. ವೇಳಾಪಟ್ಟಿ ನಾನೇ ಮಾಡಿದೆ. ಎರಡು ತಿಂಗಳಿಗೊಂದು ಸಂಪುಟ, ಅದು ಮುಗಿದ ಮೇಲಿನ ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಭೇಟಿ. ಮುಂದಿನ ಕತೆಯನ್ನು ಯಾರೂ ಮೊದಲೇ ಹೇಳಬಾರದು ಎಂಬ ನಿಯಮವೂ ನನ್ನದೇ. ಅರ್ಧ ಜನರಿಗೆ ಅಂಥ ಇಂಗ್ಲಿಷ್ ಓದಲು ಆಗುತ್ತಿರಲಿಲ್ಲ. ಅವರಿಗಾಗಿ ನಾನು ಪ್ರತಿ ಅಧ್ಯಾಯವನ್ನೂ ಕನ್ನಡದಲ್ಲಿ ಹೇಳಿ, ಧ್ವನಿಮುದ್ರಿಸಿ, ವಾಟ್ಸಾಪಿನಲ್ಲಿ ಕಳಿಸುತ್ತಿದ್ದೆ.

ಹಾಗೆ ಕೇಳುತ್ತಿದ್ದವರಲ್ಲಿ ಲಾಯಿಲದ ಲೀಲಕ್ಕ ಒಬ್ಬರು. ನನಗಿಂತ ಆರೇಳು ವರ್ಷ ದೊಡ್ಡವರು. ಮನೆಯ ಜಗಲಿಯಲ್ಲಿ ರವಿಕೆ ಹೊಲಿದು, ವಯಸ್ಸಾದ ತಾಯಿಯನ್ನು ನೋಡಿಕೊಂಡು ಇದ್ದವರು. ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಷಿನು ತುಳಿಯುತ್ತಾ ನನ್ನ ದನಿ ಕೇಳುತ್ತಿದ್ದರಂತೆ. "ನಿಮ್ಮ ಕತೆ ಬಾರದ ದಿನ ಹೊಲಿಗೆಯೇ ಓರೆ ಆಗ್ತದೆ ಟೀಚರೇ," ಎಂದು ಒಮ್ಮೆ ಹೇಳಿದ್ದರು. ನಿಮ್ಮ ಕತೆ — ಆ ಎರಡು ಪದಗಳು ನನ್ನ ತಲೆಯಲ್ಲಿ ಬಹಳ ದಿನ ಇದ್ದವು.

ಆ ಸರಣಿಯಲ್ಲಿ ಒಬ್ಬಳು ಹೆಂಗಸು ಇದ್ದಾಳೆ. ದೂರದ ಗ್ರಹವೊಂದರ ಠಾಣೆಯಲ್ಲಿ ರೇಡಿಯೊ ಕಾಯುವವಳು. ಎರಡನೆಯ ಸಂಪುಟದಲ್ಲಿ ಅವಳ ತಮ್ಮನಿರುವ ನೌಕೆ ಮೌನವಾಗುತ್ತದೆ. ಅಲ್ಲಿಂದ ಮುಂದೆ ಯುದ್ಧಗಳಾಗುತ್ತವೆ, ಸಾಮ್ರಾಜ್ಯಗಳು ಬೀಳುತ್ತವೆ, ಅವಳು ಮಾತ್ರ ದಿನವೂ ಆ ಒಂದೇ ಅಲೆಗೆ ಕಿವಿ ಕೊಟ್ಟು ಕೂರುತ್ತಾಳೆ. ಲೀಲಕ್ಕನಿಗೆ ಯುದ್ಧಗಳು ಬೇಕಿರಲಿಲ್ಲ. ಭೇಟಿಯಾದಾಗಲೆಲ್ಲ ಕೇಳುತ್ತಿದ್ದುದು ಒಂದೇ: "ಆ ಹೆಂಗಸಿನದ್ದು ಏನಾಯ್ತು?"

ಅವರ ತಮ್ಮ ಜಯಂತ ಮುಂಬೈಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದವನು, ಒಂದು ದಿನ ಅಲ್ಲಿಂದ ಹೊರಟವನು ಎಲ್ಲಿಗೂ ತಲುಪಿರಲಿಲ್ಲ. ಹತ್ತು ವರ್ಷಗಳಾಗಿದ್ದವು. ಇದು ಗುಂಪಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಒಂಬತ್ತನೆಯ ಸಂಪುಟದ ಹೊತ್ತಿಗೆ ಗುಂಪಿನಲ್ಲಿ ಉಳಿದವರು ಏಳೇ ಜನ. ಇಂಗ್ಲಿಷಿನಲ್ಲಿ ಓದುತ್ತಿದ್ದವರು ನಾನು ಮತ್ತು ನೌಫಲ್, ಇಬ್ಬರೇ. ಇದ್ದದ್ದು ಅವನ ಒಂದು ಪ್ರತಿ. ಅವನು ಮೂರನೆಯ ಸಲ ಓದಿ ಮುಗಿಸಿ ನನಗೆ ಕೊಟ್ಟ. ಕೊನೆಯ ಅಧ್ಯಾಯ ಹನ್ನೆರಡೇ ಪುಟ. ನೌಕೆ ಬರುವುದಿಲ್ಲ. ಒಂದು ಬೆಳಗ್ಗೆ ಆ ಹೆಂಗಸು ರೇಡಿಯೊ ಬಂದ್ ಮಾಡುತ್ತಾಳೆ, ತಮ್ಮನ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳುತ್ತಾಳೆ, ಬಾಗಿಲು ತೆರೆದು ಹೊರಗೆ ಕೆಲಸ ಮಾಡುತ್ತಿರುವ ಜನರ ಕಡೆಗೆ ನಡೆಯುತ್ತಾಳೆ. ಅಷ್ಟೇ.

ನಾನು ಫೋನು ಎದುರಿಗಿಟ್ಟುಕೊಂಡು ಹೇಳತೊಡಗಿದೆ. ಅವಳು ರೇಡಿಯೊ ಬಂದ್ ಮಾಡಲು ಕೈ ಚಾಚಿದಳು ಎನ್ನುವವರೆಗೆ ಪುಸ್ತಕದಲ್ಲಿದ್ದಂತೆಯೇ ಹೇಳಿದೆ. ಅಲ್ಲಿ — ಮಷಿನಿನ ಮುಂದೆ ಕೂತ ಲೀಲಕ್ಕ ಕಣ್ಣೆದುರು ಬಂದರು. ನನ್ನ ಬಾಯಿ ಬೇರೆಯದನ್ನು ಹೇಳಿತು: "ಆಗ ಮೂರು ಸಲ, ದೂರದಿಂದ, ಬಡಿತದ ಸದ್ದು ಕೇಳಿಸಿತು. ಅದು ಅವಳ ತಮ್ಮ ಚಿಕ್ಕಂದಿನಲ್ಲಿ ಬಾಗಿಲು ಬಡಿಯುತ್ತಿದ್ದ ರೀತಿ." ಪುಸ್ತಕದಲ್ಲಿ ಹಾಗೊಂದು ಬಡಿತವೂ ಇಲ್ಲ, ಚಿಕ್ಕಂದಿನ ಮಾತೂ ಇಲ್ಲ.

ಅದು ಕರುಣೆಯೇ? ಸ್ವಲ್ಪ ಇದ್ದಿರಬಹುದು. ಆದರೆ ಕಳಿಸಿದ ಮೇಲೆ ನಾನು ಮಾಡಿದ್ದೇನು — ಅವರು ಕೇಳಿದರೋ ಇಲ್ಲವೋ ಎಂದು ಮತ್ತೆ ಮತ್ತೆ ಫೋನು ನೋಡುತ್ತಾ ಕೂತೆ. ಅವರ ಸಂತೋಷ ನನಗೆ ಬೇಕಿತ್ತು. ಅದು ನನ್ನಿಂದ ಬಂದದ್ದಾಗಿರಬೇಕಿತ್ತು.

ಮರುದಿನ ಲೀಲಕ್ಕ ಕರೆ ಮಾಡಿದರು. ಅಳುತ್ತಿದ್ದರು, ನಗುತ್ತಲೂ ಇದ್ದರು.

"ಟೀಚರೇ, ನಿಮಗೆ ಹೇಳಿರಲಿಲ್ಲ. ಜಯಂತನ ಉತ್ತರಕ್ರಿಯೆ ಮಾಡಿಬಿಡುವ ಅಂತ ಅಮ್ಮನದ್ದು ಹಠ. ತಾನು ಕಣ್ಣು ಮುಚ್ಚುವ ಮೊದಲು ಆಗ್ಬೇಕಂತೆ. ನಾನೂ ಒಪ್ಪಿ, ಭಟ್ರ ಹತ್ತಿರ ದಿನ ಕೇಳಿ ಬಂದಿದ್ದೆ. ನಿನ್ನೆ ಅದು ಕೇಳಿದ ಮೇಲೆ ಅಮ್ಮನಿಗೆ ಹೇಳಿದೆ — ಬೇಡ. ಒಂಬತ್ತು ಪುಸ್ತಕ ಕಾದು ಅವಳಿಗೆ ಸಿಕ್ಕಿತಲ್ಲ. ನಾನು ಕೈ ಬಿಡುವುದಿಲ್ಲ."

ನಾನು ಏನು ಹೇಳಿದೆ? "ಲೀಲಕ್ಕ, ಅದು ಕತೆ ಮಾತ್ರ" — ಹೀಗೇನೋ ಶುರುಮಾಡಿದೆ. ಅವರು, "ಕತೆ ಅಂತ ಗೊತ್ತುಂಟು ಟೀಚರೇ. ಆದರೂ," ಎಂದರು. ಆ ಕ್ಷಣದಲ್ಲಿ ಒಂದೇ ವಾಕ್ಯ ಸಾಕಿತ್ತು. ಕೊನೆಯ ಭೇಟಿಗೆ ಇನ್ನೂ ಎರಡು ವಾರಗಳಿದ್ದವು. ಹದಿನಾಲ್ಕು ದಿನವೂ ಆ ವಾಕ್ಯವನ್ನು ಬಾಯಿಗೆ ತಂದುಕೊಂಡು ನುಂಗಿದೆ. ಅದರ ಬದಲು ನಾನು ಲೆಕ್ಕ ಹಾಕಿದ್ದು ನೌಫಲ್‌ನ ವಿಷಯ. ಅವನು ನನ್ನ ಧ್ವನಿಮುದ್ರಣ ಕೇಳುವುದಿಲ್ಲ, ಪುಸ್ತಕವನ್ನೇ ಓದುತ್ತಾನೆ. ಅವನಿಗೆ ಆ ಭಾನುವಾರ ಬರಲು ಆಗದಿದ್ದರೆ ಸಾಕು ಎಂದು ಬೇಡಿಕೊಂಡೆ. ಭೇಟಿಯನ್ನು ಮುಂದೂಡುವ ಎಂದು ಗುಂಪಿನಲ್ಲಿ ಬರೆದು ನೋಡಿದೆ. ಎಲ್ಲರಿಗಿಂತ ಮೊದಲು ಲೀಲಕ್ಕನೇ ಬೇಡವೆಂದರು.

ಭೇಟಿ ಮೂಡುಬಿದಿರೆಯಲ್ಲಿ, ಗುಂಪಿನಲ್ಲಿದ್ದ ನಿವೃತ್ತ ಅಂಚೆ ಮಾಸ್ತರರ ಮನೆಯ ಮಾಳಿಗೆಯಲ್ಲಿ. ನೌಫಲ್ ಅಂಗಡಿಗೆ ಬೀಗ ಹಾಕಿ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಲೀಲಕ್ಕ ಎರಡು ಬಸ್ಸು ಬದಲಿಸಿ, ದೊಡ್ಡ ಡಬ್ಬಿಯಲ್ಲಿ ಪತ್ರೊಡೆ ತಂದಿದ್ದರು. ನಾನು ಮಾತನ್ನು ಯುದ್ಧಗಳ ಕಡೆಗೆ ಎಳೆಯುತ್ತಾ ಒಂದು ಗಂಟೆ ತಳ್ಳಿದೆ. ಕೊನೆಗೆ ಲೀಲಕ್ಕ ತಡೆಯಲಾರದೆ ಅಂದರು:

"ಅದೆಲ್ಲ ಇರ್ಲಿ. ಆ ಹೆಂಗಸಿಗೆ ಮೂರು ಸಲ ಬಡಿದ ಸದ್ದು ಕೇಳಿತಲ್ಲ, ನನಗೆ ಮೈಯೆಲ್ಲ ಜುಮ್ ಅಂತು."

ನೌಫಲ್ ತಲೆಯೆತ್ತಿದ. "ಎಂಥ ಸದ್ದು ಲೀಲಕ್ಕ?"

"ತಮ್ಮನದ್ದು. ಕೊನೆಗೆ ಬಂತಲ್ಲ."

"ಇಲ್ಲಲ್ಲ," ಎಂದ ಅವನು. ವಾದದ ದನಿಯಲ್ಲ, ಯಾರದೋ ವಿಳಾಸವನ್ನು ತಿದ್ದುವಂಥ ದನಿ. "ನೌಕೆ ಬರುವುದಿಲ್ಲ. ಅವಳು ರೇಡಿಯೊ ಬಂದ್ ಮಾಡಿ ಹೊರಗೆ ಹೋಗ್ತಾಳೆ. ಅದೇ ಕೊನೆ."

ಲೀಲಕ್ಕನ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಅಲ್ಲಿಯೇ ನಿಂತಿತು. ಎಲ್ಲರೂ ನನ್ನನ್ನು ನೋಡಿದರು. ಅವನೂ ನೋಡಿದ — ನಾನು ಅವನ ಪರವಾಗಿ ಹೇಳುತ್ತೇನೆ ಎಂಬ ನಂಬಿಕೆಯಿಂದ.

"ನಿನಗೆ ಅದು ಅರ್ಥ ಆಗಿಲ್ಲ ನೌಫಲ್," ಎಂದೆ. ಹದಿನೆಂಟು ತಿಂಗಳು ಅವನನ್ನು ನೀವು ಎಂದವಳು ಅಂದು ನೀನು ಎಂದೆ. "ಕೊನೆಯ ಅಧ್ಯಾಯದ ಇಂಗ್ಲಿಷ್ ಕಷ್ಟದ್ದು. ನೇರ ಹೇಳುವುದಿಲ್ಲ, ಸೂಚಿಸ್ತದೆ. ಎಸ್ಸೆಸ್ಸೆಲ್ಸಿಯ ಇಂಗ್ಲಿಷಿಗೆ ಅದು ಸಿಗುವುದಿಲ್ಲ."

ಯಾರೋ ಸಣ್ಣಗೆ ನಕ್ಕರು. ಕೆಟ್ಟ ನಗುವಲ್ಲ, ಬಿಗಿತ ಸಡಿಲಿಸುವ ನಗು. ಆದರೂ ನಗು.

ನೌಫಲ್‌ನ ಕಿವಿ ಕೆಂಪಾಯಿತು. ನಿಧಾನವಾಗಿ ಹೇಳಿದ: "ಪುಸ್ತಕ ನಿಮ್ಮ ಹತ್ತಿರ ಉಂಟಲ್ಲ ಟೀಚರ್. ತೆಗೀರಿ. ನೋಡುವ."

ಪುಸ್ತಕ ನನ್ನ ಮಡಿಲಲ್ಲಿದ್ದ ಬಟ್ಟೆಯ ಚೀಲದಲ್ಲಿತ್ತು. ಅದರ ಮೂಲೆ ನನ್ನ ಮೊಣಕೈಗೆ ಒತ್ತುತ್ತಿತ್ತು.

"ಮನೆಯಲ್ಲಿ ಬಿಟ್ಟು ಬಂದೆ," ಎಂದೆ.

ಅವನು ಚೀಲದ ಕಡೆ ನೋಡಿದ. ತನ್ನ ಪುಸ್ತಕದ ಆಕಾರ ಅವನಿಗೆ ತಿಳಿಯದೆ ಇದ್ದೀತೆ. ಆಮೇಲೆ ಲೀಲಕ್ಕನ ಮುಖ ನೋಡಿದ. ಬಹಳ ಹೊತ್ತು ನೋಡಿದ ಹಾಗೆ ನನಗನಿಸಿತು. "ಇರಬಹುದು," ಎಂದ. "ನಾನು ತಪ್ಪು ಓದಿರಬಹುದು ಲೀಲಕ್ಕ. ಟೀಚರ್ ಹೇಳಿದ್ದೇ ಸರಿ."

ಪತ್ರೊಡೆ ತಿಂದು, ಕೈ ತೊಳೆದು, ಅಂಗಡಿಯಲ್ಲಿ ಕೆಲಸ ಉಂಟು ಎಂದು ಹೇಳಿ ಹೊರಟ. ಸಂಜೆ ಬಸ್ಸಿನಲ್ಲಿದ್ದಾಗ ಫೋನಿನಲ್ಲಿ ಒಂದು ಸಾಲು ಮೂಡಿತು: ಅವನು ಗುಂಪನ್ನು ಬಿಟ್ಟಿದ್ದ. ಯಾರೂ ಏಕೆಂದು ಕೇಳಲಿಲ್ಲ. ನಾನೂ ಕೇಳಲಿಲ್ಲ. ಅಂದಿನಿಂದ ಫೋನು ಕೆಟ್ಟರೆ ಸಿದ್ಧಕಟ್ಟೆಯ ಅಂಗಡಿಗೆ ಕೊಡುತ್ತಿದ್ದೆ. ಅವನ ಪುಸ್ತಕ ನನ್ನ ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿ ಉಳಿಯಿತು.

ಕಳೆದ ವರ್ಷ ಲೀಲಕ್ಕನ ತಾಯಿ ತೀರಿಕೊಂಡರು. ನಾನು ಹೋಗಿದ್ದೆ. ಅಂಗಳದಲ್ಲಿ ಸಂಬಂಧಿಕರೊಬ್ಬರು ಹೇಳುತ್ತಿದ್ದರು — ಕೊನೆಯ ತಿಂಗಳಲ್ಲಿ ಅಜ್ಜಿ ಬೇರೆ ಏನೂ ಕೇಳುತ್ತಿರಲಿಲ್ಲವಂತೆ, ಮಗನ ಕಾರ್ಯಕ್ಕೆ ದಿನ ಇಟ್ಟಿರಾ ಎಂದಷ್ಟೇ. ಲೀಲಕ್ಕ ಪ್ರತಿ ಸಲವೂ, ಅವನು ಬರ್ತಾನೆ ಅಮ್ಮ ಎನ್ನುತ್ತಿದ್ದರಂತೆ. ಅದನ್ನು ಕೇಳಿದ ಮೇಲೂ ನಾನು ಬಾಯಿ ಬಿಡಲಿಲ್ಲ. ಸಾವಿನ ಮನೆಯಲ್ಲಿ ಹೇಗೆ ಹೇಳುವುದು ಎಂದುಕೊಂಡೆ. ಆಮೇಲೆ ಹನ್ನೊಂದು ತಿಂಗಳು ಯಾವ ಮನೆ ಅಡ್ಡ ಬಂದಿತ್ತೋ —

ಎರಡು ತಿಂಗಳ ಹಿಂದೆ ಲೀಲಕ್ಕ ಕರೆ ಮಾಡಿದರು. "ಮೊದಲಿನಿಂದ ಇನ್ನೊಮ್ಮೆ ಓದುವ ಟೀಚರೇ. ಹೊಲಿಗೆಗೆ ಬರುವ ನಾಲ್ಕು ಮಕ್ಕಳು ಕೇಳ್ತಾ ಇದ್ದಾರೆ. ಆ ಕೊನೆ ನನಗೂ ಇನ್ನೊಮ್ಮೆ ಕೇಳ್ಬೇಕು."

ಮೊದಲು ಬಿ.ಸಿ.ರೋಡಿಗೆ ಹೋದೆ. ನೌಫಲ್ ಯಾರದೋ ಫೋನಿನ ಬೆನ್ನು ತೆರೆದು ಕೂತಿದ್ದ. ಪುಸ್ತಕವನ್ನು ಅವನ ಮೇಜಿನ ಮೇಲಿಟ್ಟೆ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಕ್ಷಮಿಸಿ ಎಂದೂ ಹೇಳಿದೆ. ಅವನು ಕೆಲಸದಿಂದ ಕಣ್ಣೆತ್ತಲಿಲ್ಲ.

"ಅವರಿಗೋಸ್ಕರ ಹೇಳಿದ್ದು ಅಂತ ಆ ದಿನವೇ ಗೊತ್ತಾಯ್ತು ಟೀಚರ್. ಅದಕ್ಕೇ ಸುಮ್ಮನಾದೆ. ಆದರೆ," — ಇಕ್ಕಳ ಕೆಳಗಿಟ್ಟ — "ಎಸ್ಸೆಸ್ಸೆಲ್ಸಿಯ ಮಾತು ಯಾಕೆ? ಅದು ಬೇಕಿತ್ತಾ?"

ನನ್ನಲ್ಲಿ ಉತ್ತರ ಇತ್ತು, ಆದರೆ ಹೇಳುವಂಥದ್ದಲ್ಲ. ಆ ಮಾತು ಹೇಳಿದರೆ ಎಲ್ಲರೂ ನನ್ನನ್ನೇ ನಂಬುತ್ತಾರೆ ಎಂದು ನನಗೆ ಗೊತ್ತಿತ್ತು. ಫೋನು ರಿಪೇರಿಯವನ ಓದಿಗಿಂತ ಟೀಚರ ಓದು ದೊಡ್ಡದು. ಅದನ್ನು ನಂಬಿಯೇ ಹೇಳಿದ್ದೆ.

"ಆಮೇಲೆ ನಾನು ಓದುವುದು ಬಿಟ್ಟೆ," ಎಂದ. ಪುಸ್ತಕವನ್ನು ನನ್ನ ಕಡೆಗೇ ಸರಿಸಿದ. "ಇದನ್ನು ಲಾಯಿಲಕ್ಕೆ ತೆಕ್ಕೊಂಡು ಹೋಗಿ. ಅವರಿಗೆ ಓದಿ ಹೇಳಿ. ಇದ್ದದ್ದನ್ನು ಮಾತ್ರ."

ಮರುದಿನ ಬೆಳಗ್ಗೆ ಲೀಲಕ್ಕನ ಜಗಲಿಯಲ್ಲಿ ಕೂತು, ನಾನು ಮಾಡಿದ್ದನ್ನು ಮೊದಲು ಹೇಳಿದೆ. ಆಮೇಲೆ ಹನ್ನೆರಡು ಪುಟಗಳನ್ನು ವಾಕ್ಯ ವಾಕ್ಯವಾಗಿ ಕನ್ನಡಕ್ಕೆ ತಂದು ಓದಿದೆ. ಅವರು ಮಷಿನು ನಿಲ್ಲಿಸಿ, ಅರ್ಧ ಹೊಲಿದ ತೋಳಿನ ಮೇಲೆ ಕೈಯಿಟ್ಟುಕೊಂಡು ಕೇಳಿದರು. ನಡುವೆ ಒಮ್ಮೆ ಮಾತ್ರ, "ಹೆಸರು ಗಟ್ಟಿಯಾಗಿ ಹೇಳಿದಳಾ?" ಎಂದರು. ಹೌದೆಂದೆ. ಓದಿ ಮುಗಿದ ಮೇಲೆ ರಸ್ತೆಯಲ್ಲಿ ಎರಡು ಬಸ್ಸು ಹೋದವು. ಅವರು ಬೈಯುತ್ತಾರೆ ಎಂದು ಕಾದೆ. ಬೈಯಲಿ ಎಂದು ಆಸೆಪಟ್ಟೆ.

"ನಾನು ಕೇಳಿದ್ದು ಕತೆ ಮಾತ್ರ, ಅದು ನಂಗೆ ಆಗಲೂ ಗೊತ್ತಿತ್ತು. ನನ್ನ ಹಠಕ್ಕೆ ನೀವು ಕಾರಣ ಅಂತ ನಾನು ಹೇಳುವುದಿಲ್ಲ," ಎಂದರು ಕೊನೆಗೆ. "ಆದರೆ ಅಮ್ಮ ಇರುವಾಗ ಹೇಳಬಹುದಿತ್ತಲ್ಲ ಟೀಚರೇ."

"ಹೌದು," ಎಂದೆ.

ಅಂದೇ, ವರ್ಷಗಳಿಂದ ಸದ್ದಿಲ್ಲದೆ ಬಿದ್ದಿದ್ದ ನಮ್ಮ ಗುಂಪಿಗೆ ಒಂದು ಧ್ವನಿ ಸಂದೇಶ ಕಳಿಸಿದೆ. ನೌಫಲ್ ಓದಿದ್ದೇ ಸರಿ, ನಾನು ಹೇಳಿದ್ದು ಸುಳ್ಳು, ಪುಸ್ತಕ ಅಂದು ನನ್ನ ಚೀಲದಲ್ಲೇ ಇತ್ತು. ಇಬ್ಬರು ಕೇಳಿದ ಗುರುತು ಕಂಡಿತು. ಯಾರೂ ಏನೂ ಬರೆಯಲಿಲ್ಲ.

ಜಯಂತನ ಕಾರ್ಯ ಹೋದ ವಾರ ನಡೆಯಿತು. ನೌಫಲ್‌ಗೆ ಲೀಲಕ್ಕ ಸ್ವತಃ ಫೋನು ಮಾಡಿ ಕರೆದಿದ್ದರಂತೆ. ಅವನು ಅಂಗಡಿ ಮುಚ್ಚಿ ಹೋಗಿದ್ದ. ನನ್ನನ್ನು ಕರೆದಿರಲಿಲ್ಲ. ಆ ಹೊತ್ತಿಗೆ ನಾನು ಹತ್ತನೆಯ ತರಗತಿಯಲ್ಲಿದ್ದೆ. ಪಾಠ ಓದುತ್ತಿದ್ದ ಹುಡುಗಿಯೊಬ್ಬಳು ಒಂದು ಪದದ ಬಳಿ ನಿಂತು, ಇದರ ಅರ್ಥ ಇದೇ ಅಲ್ವಾ ಟೀಚರ್ ಎಂದು ಕೇಳಿದಳು. ಅವಳು ಹೇಳಿದ್ದೇ ಸರಿ ಇತ್ತು. ಸರಿ ಎಂದೆ. ಎಲ್ಲರಿಗೂ ಕೇಳುವ ಹಾಗೆ, ಇನ್ನೊಮ್ಮೆ, ಅವಳು ಹೇಳಿದ್ದು ಸರಿ ಎಂದೆ.